ಎದುರು ಸೀಟಿನವಳು ನನ್ನ ನೋಡಿ ನಕ್ಕಳಾ, ನನ್ನ ಹಿಂದಿನ ಮಗುವನ್ನಾ?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಹನ್ನೆರಡು ನಿಮಿಷದ ಒಂದು ಕಿರುಚಿತ್ರ ಮಾಡಬೇಕು ಅಂತಿದ್ದೇವೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಕಿಟಕಿ ಪಕ್ಕ ಎದುರುಬದುರಾಗಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಪರಿಚಯ ಇಲ್ಲ. ಇಬ್ಬರ ಮನಸ್ಸಿನಲ್ಲೂ ಏನೋ ಒಂದು ಶುರುವಾಗಿದೆ. ಆದರೆ ಮಾತಾಡುವುದಿಲ್ಲ, ಬರೀ ಯೋಚಿಸುತ್ತಾರೆ. ಎಲ್ಲವನ್ನೂ ಹಿನ್ನೆಲೆ ದನಿಯಲ್ಲಿ ಬರೆದಿದ್ದೇನೆ. ಓದಿ ಹೇಳಿದಾಗ ಮೊದಲ ಎರಡು ಪುಟಕ್ಕೆ ಎಲ್ಲರೂ ನಕ್ಕರು. ಐದನೇ ಪುಟಕ್ಕೆ ಬರುವಷ್ಟರಲ್ಲಿ ಮೂವರ ಕೈಗೂ ಮೊಬೈಲ್ ಬಂದಿತ್ತು. ನಾನು ಎಲ್ಲಿ ಎಡವಿದೆ? ಇನ್ನೊಂದು ವಿಷಯ. ನಮ್ಮ ತಂಡದ ಗೆಳತಿ ‘ಇದು ಪ್ರೀತಿ ಥರ ಇಲ್ಲ, ಗುರಾಯಿಸಿ ನೋಡೋ ಕಾಟದ ಥರ ಇದೆ’ ಅಂದಳು. ಅದನ್ನು ಹೇಗೆ ಸರಿ ಮಾಡಲಿ? ಕೊನೆಗೆ ಇಬ್ಬರೂ ಮಾತಾಡಬೇಕಾ, ಬೇಡವಾ?

ಉತ್ತರ: ನೀವು ಕಳಿಸಿದ ಹದಿನಾಲ್ಕು ಪುಟ ಓದಿದೆ. ಮೊದಲ ಎರಡು ಪುಟಕ್ಕೆ ನಾನೂ ನಕ್ಕೆ. ಐದನೇ ಪುಟದಲ್ಲಿ ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದೆ. ಹಾಗಾಗಿ ಗೆಳೆಯರ ಮೇಲೆ ಕೋಪ ಬೇಡ.

ಎರಡನೇ ಪುಟದಲ್ಲಿ ಏನಾಗುತ್ತೆ ನೋಡಿ. ಹುಡುಗಿ ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ‘ಪಕ್ಕಕ್ಕೆ ಬಾ ಅಂತ ಜಾಗ ಮಾಡಿದಾಳೆ’ ಅಂತ ಹುಡುಗ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಒಬ್ಬ ಅಜ್ಜ ಬಂದು ಅಲ್ಲಿ ಕೂರುತ್ತಾರೆ. ನಮಗೆ ಬ್ಯಾಗ್ ಕಾಣಿಸಿತು, ಅಜ್ಜ ಕಾಣಿಸಿದರು, ಇವನ ತಲೆಯಲ್ಲಿ ಓಡಿದ್ದೂ ಕೇಳಿಸಿತು. ಕಂಡಿದ್ದಕ್ಕೂ ಕೇಳಿದ್ದಕ್ಕೂ ತಾಳೆ ಬೀಳಲಿಲ್ಲ. ನಗು ಬಂತು. ಐದನೇ ಪುಟದಲ್ಲಿ ಅವನ ಯೋಚನೆ ಹೀಗಿದೆ: ‘ನಾನ್ಯಾಕೆ ಇಷ್ಟು ಯೋಚನೆ ಮಾಡ್ತೀನಿ? ಚಿಕ್ಕಂದಿನಿಂದಲೂ ನಾನು ಹೀಗೇನಾ?’ ಇಲ್ಲಿ ಬ್ಯಾಗೂ ಇಲ್ಲ, ಅಜ್ಜನೂ ಇಲ್ಲ. ಯೋಚನೆಯ ಬಗ್ಗೆಯೇ ಯೋಚನೆ. ಗೂಟ ಕಿತ್ತುಕೊಂಡ ಹಸು ಊರೆಲ್ಲ ಸುತ್ತಿದ ಹಾಗೆ.

ಗೂಟ ಬೇಕು. ಬೋಗಿಯ ಒಳಗೆ ಕಣ್ಣಿಗೆ ಕಾಣುವ ಏನಾದರೊಂದಕ್ಕೆ ಪ್ರತಿ ಯೋಚನೆಯನ್ನೂ ಕಟ್ಟಿ. ನೀರಿನ ಬಾಟಲಿ, ಅರ್ಧ ತೆರೆದ ಕಿಟಕಿ, ಅಜ್ಜನ ಪೇಪರ್, ಜಾರಿದ ಚಪ್ಪಲಿ. ಅತಿಯಾಗಿ ಯೋಚಿಸುವವರು ಶೂನ್ಯದಲ್ಲಿ ಯೋಚಿಸುವುದಿಲ್ಲ. ಅವರು ಪತ್ತೇದಾರರ ಥರ. ಒಂದು ಚೂರು ಸಾಕ್ಷಿ ಸಿಕ್ಕರೆ ಇಡೀ ಕೇಸು ಬರೆದುಬಿಡುತ್ತಾರೆ. ನಿಮ್ಮ ಸಿನಿಮಾದ ತಮಾಷೆ ಎಲ್ಲ ಇರುವುದು ಆ ಚೂರಿಗೂ ಆ ಕೇಸಿಗೂ ನಡುವಿನ ದೂರದಲ್ಲಿ.

ಇದನ್ನು ವಿವರಿಸೋಕೆ ನಾನು ಪ್ರತಿಸಲ ಎತ್ತಿಕೊಳ್ಳುವುದು ಶಾಕುಂತಲ ನಾಟಕವನ್ನ. ಮುಖ ಸಿಂಡರಿಸಬೇಡಿ. ಕ್ಯಾಲೆಂಡರಿನ ಚಿತ್ರದಲ್ಲಿ ದುಷ್ಯಂತ ದೊಡ್ಡ ಪ್ರೇಮಿ. ನಾಟಕದ ಮೊದಲ ಎರಡು ಅಂಕ ಓದಿದರೆ ನಿಮ್ಮ ಹುಡುಗನ ಥರವೇ ತಲೆ ಕೆಡಿಸಿಕೊಂಡ ಮನುಷ್ಯ.

ಮರದ ಮರೆಯಲ್ಲಿ ನಿಂತು ಗಿಡಕ್ಕೆ ನೀರು ಹಾಕುವ ಹುಡುಗಿಯರನ್ನು ನೋಡುತ್ತಾನೆ. ಶಕುಂತಲೆ ಇಷ್ಟ ಆಗುತ್ತಾಳೆ. ತಕ್ಷಣ ಅನುಮಾನ. ಋಷಿಯ ಮಗಳು ಅಂದರೆ ಬ್ರಾಹ್ಮಣರ ಹುಡುಗಿ, ಕ್ಷತ್ರಿಯನಾದ ನಾನು ಮದುವೆ ಆಗೋಕಾಗುತ್ತಾ? ಆಮೇಲೆ ಅವನು ಕೊಡುವ ಸಮಾಧಾನ ನೋಡಿ. ನನ್ನಂಥ ಒಳ್ಳೆಯವನ ಮನಸ್ಸು ಅವಳ ಕಡೆ ಹೋಗಿದೆ, ಹಾಗಾದರೆ ಅವಳು ನನಗೆ ತಕ್ಕವಳೇ ಇರಬೇಕು! ಅವನ ಆಸೆಯೇ ಅವನಿಗೆ ಸಾಕ್ಷಿ. ಯಾವ ಕೋರ್ಟಿನಲ್ಲೂ ನಿಲ್ಲದ ವಾದ. ಆದರೆ ಪ್ರೀತಿಯಲ್ಲಿ ಬಿದ್ದ ಪ್ರತಿಯೊಬ್ಬರೂ ಒಮ್ಮೆ ಈ ವಾದ ಹೂಡಿದವರೇ.

ಎರಡನೇ ಅಂಕ ಇನ್ನೂ ಚೆನ್ನ. ಶಕುಂತಲೆ ಹೊರಡುವಾಗ ನಾಲ್ಕು ಹೆಜ್ಜೆ ಇಟ್ಟು, ಕಾಲಿಗೆ ದರ್ಭೆ ಚುಚ್ಚಿತು ಅಂತ ನಿಂತಳಂತೆ. ಕೊಂಬೆಗೆ ಸಿಕ್ಕಿಕೊಳ್ಳದೇ ಇದ್ದ ನಾರುಬಟ್ಟೆಯನ್ನು ಬಿಡಿಸಿಕೊಳ್ಳುತ್ತಾ ಈ ಕಡೆ ತಿರುಗಿದಳಂತೆ. ಇದನ್ನೆಲ್ಲ ರಾಜ ತನ್ನ ಗೆಳೆಯ ವಿದೂಷಕನ ಮುಂದೆ ಒಂದೊಂದಾಗಿ ಇಡುತ್ತಾನೆ, ಪೊಲೀಸರು ಮಹಜರು ಮಾಡಿದ ಹಾಗೆ. ವಿದೂಷಕ ಏನನ್ನುತ್ತಾನೆ ಗೊತ್ತಾ? ಹಾಗಾದರೆ ಬುತ್ತಿ ಕಟ್ಟಿಕೋ, ತಪೋವನವನ್ನ ಉದ್ಯಾನವನ ಮಾಡಿಬಿಟ್ಟೆಯಲ್ಲ ಅಂತ. ಇಡೀ ಆಸ್ಥಾನದಲ್ಲಿ ಸರಿಯಾಗಿ ಯೋಚಿಸುವವನು ಅವನೊಬ್ಬನೇ.

ಇದೇ ಅಂಕದಲ್ಲಿ ಕಾಳಿದಾಸ ದುಷ್ಯಂತನ ಬಾಯಲ್ಲೇ ಒಂದು ಮಾತು ಆಡಿಸುತ್ತಾನೆ: ‘ಕಾಮೀ ಸ್ವತಾಂ ಪಶ್ಯತಿ.’ ಪ್ರೀತಿಗೆ ಬಿದ್ದವನಿಗೆ ಎಲ್ಲವೂ ತನಗಾಗಿಯೇ ನಡೆದ ಹಾಗೆ ಕಾಣುತ್ತದೆ. ಅವಳು ಬೇರೆ ಕಡೆ ನೋಡಿದರೂ ನನಗೋಸ್ಕರ. ನಿಧಾನವಾಗಿ ನಡೆದರೂ ನನಗೋಸ್ಕರ. ಗೆಳತಿಯ ಮೇಲೆ ರೇಗಿದರೂ ನನಗೋಸ್ಕರ. ತಾನು ಹೀಗೆ ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತು, ಆದರೂ ಬಿಡೋಕಾಗುವುದಿಲ್ಲ. ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು 19ನೇ ಶತಮಾನದಲ್ಲೇ ಕನ್ನಡಕ್ಕೆ ತಂದರು. ಗ್ರಂಥಾಲಯದಲ್ಲಿ ಯಾವ ಅನುವಾದ ಸಿಕ್ಕರೂ ಸರಿ, ಮೊದಲೆರಡು ಅಂಕ ಮಾತ್ರ ಓದಿ. ಆಮೇಲಿನ ಶಾಪದ ಕಥೆ ನಿಮ್ಮ ರೈಲಿಗೆ ಬೇಡ.

ಇದರಲ್ಲಿ ನಿಮಗೆ ಉಪಯೋಗ ಆಗುವುದು ಎರಡಿದೆ. ಮೊದಲನೆಯದು, ನೋಡುವವರಿಗೆ ರಾಜನಿಗಿಂತ ಜಾಸ್ತಿ ಗೊತ್ತಿರುತ್ತದೆ. ದರ್ಭೆಯ ನೆಪ ಹೇಳಿ ಅವಳು ತಡಮಾಡಿದ್ದನ್ನು ನಾವು ಮೊದಲ ಅಂಕದಲ್ಲೇ ನೋಡಿದ್ದೇವೆ. ಅಂದರೆ ಅವನ ಲೆಕ್ಕ ಅತಿಯಾಯಿತು, ಉತ್ತರ ಮಾತ್ರ ಸರಿ. ಪ್ರೇಮದ ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ನಿಮ್ಮ ಸ್ಕ್ರಿಪ್ಟಿನಲ್ಲಿ ಒಂಬತ್ತನೇ ಪುಟದವರೆಗೂ ಹುಡುಗನ ಲೆಕ್ಕವೂ ತಪ್ಪು, ಉತ್ತರವೂ ತಪ್ಪು ಅನ್ನುವ ಹಾಗಿದೆ. ಅದಕ್ಕೇ ಸ್ವಲ್ಪ ಹೊತ್ತಾದ ಮೇಲೆ ಪಾಪ ಅನಿಸುತ್ತದೆ, ನಗು ಬರುವುದಿಲ್ಲ.

ಎರಡನೆಯದು ವಿದೂಷಕ. ಮನಸ್ಸಿನ ಮಾತನ್ನು ಹೊರಗೆ ತರೋಕೆ ನಮ್ಮ ಕಂಪನಿ ನಾಟಕದವರಿಗೆ ಸ್ವಗತ ಇತ್ತು. ನಟ ಪಕ್ಕಕ್ಕೆ ತಿರುಗಿ ಹೇಳಿದರೆ ಸಾಕು, ವೇದಿಕೆಯ ಮೇಲೆ ಮಾರು ದೂರದಲ್ಲಿ ನಿಂತವನಿಗೆ ಕೇಳಿಸಲಿಲ್ಲ ಅಂತ ನೋಡುವವರು ಒಪ್ಪಿಕೊಳ್ಳುತ್ತಿದ್ದರು. ಸಿನಿಮಾದಲ್ಲಿ ಆ ಒಪ್ಪಂದ ಹನ್ನೆರಡು ನಿಮಿಷ ಬಾಳುವುದಿಲ್ಲ. ಬರೀ ದನಿ ಕೇಳಿದರೆ ಕಣ್ಣಿಗೆ ಕೆಲಸ ಇರುವುದಿಲ್ಲ. 2006ರ ‘ಮುಂಗಾರು ಮಳೆ’ಯಲ್ಲಿ ದೇವದಾಸ ಅನ್ನುವ ಮೊಲ ಯಾಕೆ ಬಂತು ಅಂತ ಯೋಚಿಸಿದ್ದೀರಾ? ನಾಯಕ ಪ್ರೀತಂ ಒಬ್ಬನೇ ಕೂತು ಗೋಳಾಡಿದ್ದರೆ ಐದು ನಿಮಿಷಕ್ಕೆ ಸಾಕು ಅನಿಸುತ್ತಿತ್ತು. ಮೊಲದ ಹತ್ತಿರ ಹೇಳಿಕೊಂಡ, ಅದು ಸುಮ್ನೆ ಕಿವಿ ಆಡಿಸಿತು, ನಮಗೆ ನಗೋಕೂ ಅಳೋಕೂ ಜಾಗ ಸಿಕ್ಕಿತು. ವಿದೂಷಕ ಎದುರುತ್ತರ ಕೊಡುತ್ತಾನೆ, ಮೊಲ ಕೊಡುವುದಿಲ್ಲ. ಎರಡೂ ನಡೆಯುತ್ತದೆ. ನಿಮ್ಮ ಬೋಗಿಯಲ್ಲಿ ಅಜ್ಜ ಆಗಲೇ ಬಂದು ಕೂತಿದ್ದಾರೆ. ನೀವು ಅವರನ್ನು ಮೂರನೇ ಪುಟದಲ್ಲೇ ನಿದ್ದೆ ಮಾಡಿಸಿಬಿಟ್ಟಿದ್ದೀರಿ. ಎಬ್ಬಿಸಿ. ಅವರ ಕೈಯಲ್ಲಿ ಪೇಪರ್ ಇದೆ ಅಲ್ವಾ, ಅದರ ಪದಬಂಧ ತುಂಬಿಸೋಕೆ ಒಂದು ಪೆನ್ನು ಕೊಡಿ. ಕೊನೆಗೆ ಬೇಕಾಗುತ್ತದೆ.

ಇನ್ನು ‘ಇಷ್ಟ ಇದೆಯೋ ಇಲ್ಲವೋ’ ಅನ್ನುವ ಅನುಮಾನದ ವಿಷಯ. ಇದು ನಿಮ್ಮ ಕಥೆಯ ಪೆಟ್ರೋಲು. ಎರಿನ್ ವಿಟ್‌ಚರ್ಚ್, ಟಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಅನ್ನುವ ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ 47 ವಿದ್ಯಾರ್ಥಿನಿಯರಿಗೆ ‘ಕೆಲವು ಹುಡುಗರು ನಿಮ್ಮ ಫೇಸ್‌ಬುಕ್ ಪ್ರೊಫೈಲ್ ನೋಡಿದ್ದಾರೆ’ ಅಂತ ಹೇಳಿದರು. ಒಂದು ಗುಂಪಿಗೆ, ಇವರಿಗೆ ನೀವು ತುಂಬ ಇಷ್ಟವಾಗಿದ್ದೀರಿ. ಇನ್ನೊಂದಕ್ಕೆ, ಸಾಧಾರಣವಾಗಿ ಇಷ್ಟ. ಮೂರನೆಯದಕ್ಕೆ, ತುಂಬ ಇಷ್ಟ ಇರಬಹುದು, ಸಾಧಾರಣವೂ ಇರಬಹುದು, ಗೊತ್ತಿಲ್ಲ. ಹುಡುಗರ ಕಡೆ ಜಾಸ್ತಿ ಸೆಳೆತ ಕಂಡದ್ದು ಈ ಗೊತ್ತಿಲ್ಲದ ಗುಂಪಿನಲ್ಲಿ. ಅವರ ತಲೆಯಲ್ಲಿ ಆ ಹುಡುಗರು ಜಾಸ್ತಿ ಹೊತ್ತು ಉಳಿದುಕೊಂಡಿದ್ದರು ಕೂಡ. ಚಿಕ್ಕ ಪ್ರಯೋಗ, ಇದನ್ನೇ ಇಡೀ ಮನುಷ್ಯಕುಲದ ನಿಯಮ ಅಂದುಕೊಳ್ಳಬೇಡಿ. ಆದರೆ ಸ್ಕ್ರಿಪ್ಟ್ ಬರೆಯುವವರಿಗೆ ಬಂಗಾರ. ಅನುಮಾನ ಇರುವಷ್ಟು ಹೊತ್ತು ಸೆಳೆತ ಬೆಳೆಯುತ್ತದೆ. ಅಂದರೆ ಅನುಮಾನ ಯಾವ ನಿಮಿಷಕ್ಕೆ ಮುಗಿಯುತ್ತದೋ ಆ ನಿಮಿಷಕ್ಕೆ ನಿಮ್ಮ ಸಿನಿಮಾ ಮುಗಿಯಬೇಕು. ನೀವು ಒಂಬತ್ತನೇ ಪುಟದಲ್ಲೇ ಹುಡುಗಿಯ ದನಿಯಲ್ಲಿ ‘ನನಗೂ ಇವನು ಇಷ್ಟ’ ಅಂತ ಹೇಳಿಸಿಬಿಟ್ಟಿದ್ದೀರಿ. ಆಮೇಲಿನ ಐದು ಪುಟ ರೈಲು ಸುಮ್ನೆ ಓಡುತ್ತಿದೆ. ಆ ಸಾಲು ತೆಗೆಯಿರಿ. ಅವಳಿಗೆ ಇಷ್ಟ ಅನ್ನುವುದು ನಮಗೆ ಗೊತ್ತಾಗಬೇಕು, ಆದರೆ ಅವಳ ಕೈಯಿಂದ, ಬಾಯಿಂದಲ್ಲ. ಕಟ್ಟಿಕೊಂಡ ಜಡೆಯನ್ನೇ ಎರಡನೇ ಸಲ ಕಟ್ಟಿಕೊಳ್ಳಲಿ. ಸಿಕ್ಕಿಕೊಳ್ಳದ ಬಟ್ಟೆ ಬಿಡಿಸಿಕೊಂಡ ಹಾಗೆ.

ಇನ್ನೊಂದು ಪ್ರಯೋಗ ತಮಾಷೆಯದು. 2000ರಲ್ಲಿ ಪ್ರಕಟವಾಯಿತು. ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ತೊಟ್ಟರೆ ಮುಜುಗರ ಆಗುವಂಥ ಒಬ್ಬ ಗಾಯಕನ ಚಿತ್ರದ ಟೀಶರ್ಟ್ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು? ಸುಮಾರು ಅರ್ಧದಷ್ಟು ಅಂದರು ತೊಟ್ಟವರು. ನಿಜವಾಗಿ ಗಮನಿಸಿದ್ದು ಅದರ ಅರ್ಧ. ನಿಮ್ಮ ಹುಡುಗನ ಅಂಗಿಯ ಮೇಲೆ ಬಿದ್ದ ಚಟ್ನಿ ಕಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಮುಚ್ಚಿಕೊಳ್ಳೋಕೆ ಅವನು ಮಂಡ್ಯದವರೆಗೂ ಕೈ ಕಟ್ಟಿ ಕೂರಲಿ. ಅವಳಿಗೆ ಕಂಡದ್ದು ಕಲೆಯಲ್ಲ, ಕಟ್ಟಿದ ಕೈ. ‘ಯಾರಪ್ಪಾ ಇವನು, ಇಷ್ಟು ಗರ್ವ?’ ಅಂತ ಅವಳ ಲೆಕ್ಕ. ಒಂದು ಕಲೆ, ಎರಡು ಕೇಸು, ಒಂದೇ ಒಂದು ಸಾಲು ಹಿನ್ನೆಲೆ ದನಿ.

ಹಿನ್ನೆಲೆ ದನಿಯ ಲೆಕ್ಕ ಈಗ. ಹದಿನಾಲ್ಕು ಪುಟದಲ್ಲಿ 61 ಸಾಲು ಎಣಿಸಿದೆ. ನಾನಾದರೆ 20 ಉಳಿಸುತ್ತೇನೆ. ಯಾವುದನ್ನು ಉಳಿಸಬೇಕು? ಮುಖ ಹೇಳುವುದಕ್ಕೆ ಉಲ್ಟಾ ಹೇಳುವ ಸಾಲನ್ನ. ಮುಖದಲ್ಲಿ ಗಾಬರಿ ಇದ್ದಾಗ ದನಿ ‘ನನಗೆ ಗಾಬರಿ’ ಅನ್ನುವುದು ದಂಡ. ಮುಖದಲ್ಲಿ ಗಾಬರಿ, ದನಿಯಲ್ಲಿ ‘ಆರಾಮಾಗಿರು, ಆರಾಮಾಗಿ ಕಾಣಿಸ್ತಿದೀಯ’ ಅಂದರೆ ಅದು ಸಾಲು. ನನ್ನ ಮೊದಲ ಕಿರುಚಿತ್ರದಲ್ಲಿ ಎರಡು ನಿಮಿಷದ ಸ್ವಗತ ಇತ್ತು. ಬರೆಯೋಕೆ ಒಂದು ವಾರ ಹಿಡಿದಿತ್ತು, ಅದಕ್ಕೇ ಬಿಡೋಕೆ ಮನಸ್ಸಿರಲಿಲ್ಲ. ಎಡಿಟಿಂಗ್ ಮಾಡುವ ಗೆಳೆಯ ಒಂದು ರಾತ್ರಿ ನನಗೆ ಹೇಳದೆ ಆ ಟ್ರ್ಯಾಕನ್ನು ಮ್ಯೂಟ್ ಮಾಡಿ ತೋರಿಸಿದ. ನಟಿಯ ಮುಖದಲ್ಲಿ ಎಲ್ಲವೂ ಇತ್ತು. ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಆಮೇಲೆ ಒಪ್ಪಿಕೊಂಡೆ.

ದನಿಯನ್ನು ಅರ್ಧಕ್ಕೆ ಕತ್ತರಿಸುವುದನ್ನೂ ಕಲಿಯಿರಿ. ಈ ರೈಲಿನಲ್ಲಿ ನಿಮಗೆ ಕತ್ತರಿ ಪುಕ್ಕಟೆ ಸಿಗುತ್ತದೆ. ‘ಇವಳ ಕಣ್ಣಲ್ಲಿ ಏನೋ ಒಂದು...’ ಅಂತ ಶುರು ಆಗುವಾಗಲೇ ‘ವಡೇ ವಡೇ, ಮದ್ದೂರ್ ವಡೇ!’ ಸುಮಾರು 140 ಕಿಲೋಮೀಟರ್ ದಾರಿ, ನಡುವೆ ಎಷ್ಟೊಂದು ನಿಲ್ದಾಣ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗುತ್ತಾರೆ, ಇವರಿಬ್ಬರ ಕಣ್ಣು ಸಿಕ್ಕಿಕೊಳ್ಳೋಕೆ ಅದು ಸರಿಯಾದ ಜಾಗ. ಮಂಡ್ಯದಲ್ಲಿ ಜನ ನುಗ್ಗಿ ನಡುವೆ ನಿಂತುಬಿಡುತ್ತಾರೆ, ಒಂದು ನಿಮಿಷ ಅವಳು ಕಾಣಿಸುವುದೇ ಇಲ್ಲ. ಕೆಂಗೇರಿ ಬಂದರೆ ಮೇಲಿನ ಬ್ಯಾಗು ಇಳಿಸೋಕೆ ಶುರು. ಇಷ್ಟು ಒಳ್ಳೆಯ ಗಡಿಯಾರ ಕೈಯಲ್ಲಿ ಇಟ್ಟುಕೊಂಡು ನೀವು ನಿಲ್ದಾಣದ ಹೆಸರನ್ನೇ ಬರೆದಿಲ್ಲ. ಬರೆಯಿರಿ. ಹಳದಿ ಬೋರ್ಡ್ ಕಂಡಾಗೆಲ್ಲ ನೋಡುವವರ ಎದೆ ಸ್ವಲ್ಪ ಢವಗುಡಬೇಕು.

ಒಂದು ಮಾತು ಬಿಟ್ಟುಹೋಗಿತ್ತು. ಓಡುವ ರೈಲಿನಲ್ಲಿ ಕದ್ದು ಚಿತ್ರೀಕರಣ ಮಾಡಬೇಡಿ. ರೈಲ್ವೆಯ ಅನುಮತಿ ಬೇಕು. ಖರ್ಚು ಜಾಸ್ತಿ ಅನಿಸಿದರೆ ಎರಡು ಸೀಟು, ಒಂದು ಕಿಟಕಿ ಮಾಡಿಸಿ. ಕಿಟಕಿಯ ಹೊರಗೆ ಬಿಳಿ ಬೆಳಕು ಜೋರಾಗಿ ಬಿಟ್ಟು, ಒಬ್ಬರು ಆಗಾಗ ಬಾಳೆಲೆಯೋ ರಟ್ಟೋ ಹಿಡಿದು ಅಡ್ಡ ಓಡಿದರೆ ಮರ ಹಾದುಹೋದ ಹಾಗೆ ಕಾಣುತ್ತದೆ. ಸದ್ದು ಮಾತ್ರ ನಿಜವಾದ ರೈಲಿನದೇ ಇರಲಿ.

ನಿಮ್ಮ ಗೆಳತಿಯ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸರಿ. ಹುಡುಗನಿಗೆ 48 ಸಾಲು, ಹುಡುಗಿಗೆ 13. ಹನ್ನೆರಡು ನಿಮಿಷದಲ್ಲಿ ಒಂಬತ್ತು ನಿಮಿಷ ಅವನು ನೋಡುತ್ತಾನೆ, ಅವಳು ನೋಡಿಸಿಕೊಳ್ಳುತ್ತಾಳೆ. ನಮ್ಮ ಸಿನಿಮಾಗಳಲ್ಲಿ ಹೀರೋ ಬಸ್‌ಸ್ಟಾಪಿನಿಂದ ಮನೆಯವರೆಗೆ ಹಿಂದೆ ಬಿದ್ದು, ಕೊನೆಗೆ ಅವಳು ಒಪ್ಪಿಕೊಳ್ಳುವುದನ್ನು ಎಷ್ಟೋ ವರ್ಷ ನೋಡಿದ್ದೇವೆ. ಅದು ನಮ್ಮ ಕೈಗೂ ಅಂಟಿಕೊಂಡಿದೆ. ಹೀಗೆ ಮಾಡಿ. ಇಡೀ ಕಥೆಯನ್ನು ಒಂದು ಸಲ ಬರೀ ಅವಳ ಕಡೆಯಿಂದ ಬರೆಯಿರಿ, ಸಿನಿಮಾಕ್ಕಲ್ಲ, ನಿಮಗೋಸ್ಕರ. ಅವಳ ಮೊದಲ ಯೋಚನೆ ‘ಸೀಟು ಬದಲಾಯಿಸಲಾ?’ ಅಂತ ಬಂದರೆ ಹುಡುಗ ತಪ್ಪು ಮಾಡುತ್ತಿದ್ದಾನೆ. ಅವಳೂ ತಪ್ಪು ಲೆಕ್ಕ ಹಾಕಲಿ, ಅವಳೂ ಪೆದ್ದುಪೆದ್ದಾಗಿ ನಡೆದುಕೊಳ್ಳಲಿ. ಪೆದ್ದುತನ ಹುಡುಗರ ಆಸ್ತಿ ಮಾತ್ರ ಅಲ್ಲ. ಮತ್ತೆ ಹದಿಮೂರನೇ ಪುಟದಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಅವನು ಅವಳ ಹಿಂದೆ ಮೆಟ್ರೋವರೆಗೆ ನಡೆಯುತ್ತಾನಲ್ಲ, ಅದನ್ನು ತೆಗೆದುಹಾಕಿ. ಚರ್ಚೆ ಬೇಡ.

ಅವಳ ಯೋಚನೆಗೆ ಒಂದು ಎಳೆ ಕೊಡುತ್ತೇನೆ, ನಿಮಗೆ ಬೇಕಾದರೆ ಇಟ್ಟುಕೊಳ್ಳಿ. ಬೆಂಗಳೂರಿನ ದಾರಿಯಲ್ಲಿ ಅಪರಿಚಿತರ ಜೊತೆ ಮಾತು ಶುರು ಮಾಡುವ ಮುಂಚೆ ನಾವೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಯಾವ ಭಾಷೆ? ‘ಎಕ್ಸ್‌ಕ್ಯೂಸ್ ಮಿ’ ಅಂದರೆ ಜಂಬದವಳು ಅಂದುಕೊಂಡಾನು. ‘ಏನ್ರೀ’ ಅಂದರೆ ಜಗಳಕ್ಕೆ ಬಂದ ಹಾಗೆ. ‘ಸರ್’ ಅಂದರೆ ಆಫೀಸು. ಹೀಗೆ ಚನ್ನಪಟ್ಟಣದವರೆಗೆ ಲೆಕ್ಕ ಹಾಕಿ, ಕಿಟಕಿ ಮುಚ್ಚಿಸೋಕೆ ಬಾಯಿ ತೆರೆದಾಗ ಅಭ್ಯಾಸಬಲದಿಂದ ಬಂದುಬಿಡಲಿ: ‘ಅಣ್ಣಾ, ಸ್ವಲ್ಪ ಕಿಟಕಿ...’

ಆ ಒಂದು ಪದಕ್ಕೆ ಕನ್ನಡದ ಯಾವ ಥಿಯೇಟರಿನಲ್ಲಾದರೂ ನಗು ಗ್ಯಾರಂಟಿ. ಹುಡುಗನ ಮುಖದ ಮೇಲೆ ಕ್ಯಾಮೆರಾ ಇಡಿ, ಹಿನ್ನೆಲೆ ದನಿ ಒಂದಕ್ಷರವೂ ಬೇಡ. ಆಮೇಲೆ ಅವಳ ಮುಖ. ಅವಳಿಗೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗಿದೆ. ರಾಮನಗರದವರೆಗೆ ಇಬ್ಬರೂ ಪೂರ್ತಿ ಸೈಲೆಂಟು.

ಕೊನೆಗೆ ಮಾತಾಡಬೇಕಾ? ಆಡಬೇಕು. 2014ರಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಅನ್ನುವವರು ಶಿಕಾಗೊದ ಲೋಕಲ್ ರೈಲಿನ ಪ್ರಯಾಣಿಕರ ಮೇಲೆ ಅಧ್ಯಯನ ಪ್ರಕಟಿಸಿದರು. ಪಕ್ಕದ ಅಪರಿಚಿತರ ಜೊತೆ ಮಾತಾಡಿದರೆ ಪ್ರಯಾಣ ಕೆಟ್ಟದಾಗಿರುತ್ತದೆ, ಸುಮ್ಮನೆ ಕೂತರೇ ಚೆನ್ನ ಅಂತ ಜನ ಅಂದಾಜು ಮಾಡಿದ್ದರು. ನಿಜಕ್ಕೂ ಮಾತಾಡಿಸಿದವರ ಪ್ರಯಾಣವೇ ಚೆನ್ನಾಗಿತ್ತು. 2018ರ ಇನ್ನೊಂದು ಅಧ್ಯಯನದಲ್ಲಿ, ಮೊದಲ ಸಲ ಮಾತಾಡಿದ ಇಬ್ಬರೂ ‘ಅವರಿಗೆ ನಾನು ಅಷ್ಟೇನೂ ಇಷ್ಟ ಆಗಿಲ್ಲ’ ಅಂತಲೇ ಅಂದುಕೊಳ್ಳುತ್ತಾರೆ, ಅಸಲಿಗೆ ಅದಕ್ಕಿಂತ ಜಾಸ್ತಿ ಇಷ್ಟ ಆಗಿರುತ್ತಾರೆ ಅಂತ ಕಂಡುಬಂತು. ನಿಮ್ಮ ಇಬ್ಬರೂ ಇದೇ ಜಾತಿಯವರು. ಆದರೆ ನೀವು ಬರೆದ ಕೊನೆಯ ಮಾತು, ‘ನಿಮ್ಮ ಹತ್ತಿರ ಏನೋ ಹೇಳಬೇಕಿತ್ತು’, ಅದು ಬೇಡ. ಅದು ಸಿನಿಮಾ ನೋಡಿ ಕಲಿತ ಮಾತು. ಇಷ್ಟೊತ್ತು ಇಷ್ಟೆಲ್ಲ ಯೋಚಿಸಿದವರ ಬಾಯಿಂದ ಕೊನೆಗೆ ಬರುವುದು ತೀರಾ ಸಣ್ಣ ಮಾತಾಗಿರಬೇಕು. ಅದೂ ನೇರವಾಗಿ ಒಬ್ಬರಿಗೊಬ್ಬರು ಆಡಿದ್ದಾಗಿರಬಾರದು.

ಈಗ ಅಜ್ಜ. ಕೆಂಗೇರಿ ದಾಟಿದೆ. ಜನ ಎದ್ದು ನಿಂತಿದ್ದಾರೆ. ಅಜ್ಜನಿಗೆ ಪದಬಂಧದ ಒಂದು ಸಾಲು ಮಾತ್ರ ಬಾಕಿ. ಕನ್ನಡಕ ಮೇಲೆತ್ತಿ, ಯಾರಿಗೂ ಅಂತಿಲ್ಲದೆ ಕೇಳುತ್ತಾರೆ: ‘ಅನುಮಾನ. ಮೂರಕ್ಷರ.’

ಹುಡುಗ ‘ಸಂದೇಹ’ ಅನ್ನುತ್ತಾನೆ. ಅದೇ ಉಸಿರಿಗೆ ಹುಡುಗಿ ‘ಗುಮಾನಿ’ ಅನ್ನುತ್ತಾಳೆ.

ಅಜ್ಜ ಒಂದು ಸಲ ಇವನ ಮುಖ, ಒಂದು ಸಲ ಅವಳ ಮುಖ, ಆಮೇಲೆ ಪೇಪರ್ ನೋಡುತ್ತಾರೆ. ‘ಎರಡೂ ಕೂರುತ್ತಲ್ಲಪ್ಪಾ.’

ಅಲ್ಲಿಗೆ ಕಟ್ ಮಾಡಿ. ನಗು ತೋರಿಸಬೇಡಿ, ಪ್ಲಾಟ್‌ಫಾರ್ಮ್ ತೋರಿಸಬೇಡಿ. ಅಜ್ಜನ ಪಾತ್ರಕ್ಕೆ ಮಾತ್ರ ಕಾಲೇಜಿನ ಹುಡುಗನಿಗೆ ಬಿಳಿ ಮೀಸೆ ಅಂಟಿಸಬೇಡಿ. ನಿಮ್ಮ ಬೀದಿಯಲ್ಲಿ ದಿನಾ ಪದಬಂಧ ತುಂಬಿಸುವವರು ಒಬ್ಬರಾದರೂ ಇರುತ್ತಾರೆ, ಅವರನ್ನೇ ಕೇಳಿ.